ಬೀಗದ ಕೈ ಗೊಂಚಲು ಮತ್ತು ಹೊಸ ಬ್ರೌಸರು

ಆ ಶನಿವಾರ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ. ನನ್ನ ನೆನಪು ಸರಿಯಾಗಿದೆ.

ನಮ್ಮ ಬಸವೇಶ್ವರನಗರದ ಮನೆಯಲ್ಲಿ ಜಾಗ್ರತೆಯ ಮನುಷ್ಯ ಎಂದರೆ ನಾನು. ಗ್ಯಾಸ್ ಆರಿಸಿದೆಯೇ ಎಂದು ಮೂರು ಸಲ ನೋಡಿ ಮಲಗುವವನು. ಹಾಗಾಗಿ ತಂಗಿ ಸುಮಾಳ ವಿವರಗಳನ್ನು ಮದುವೆಯ ವೆಬ್‌ಸೈಟಿಗೆ ಹಾಕಿದಾಗ ಅದರ ಆಡಳಿತವೂ ನನ್ನ ಪಾಲಿಗೇ ಬಂತು. ನಾನು ಹೊರಡಿಸಿದ ಮೊದಲ ಕಾನೂನು: ಜಾತಕ ಕೂಡಿ, ಹೆಣ್ಣು ನೋಡುವ ಶಾಸ್ತ್ರ ಮುಗಿಯುವವರೆಗೆ ಯಾರಿಗೂ ಫೋನ್ ನಂಬರ್ ಕೊಡತಕ್ಕದ್ದಲ್ಲ.

ಸುಮಾ ನಾಗರಬಾವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಎರಡು ವರ್ಷ ಎಲ್ಲ ಸಂಬಂಧಗಳನ್ನೂ ಬೇಡವೆಂದವಳು ಒಬ್ಬರ ಫೋಟೊ ನೋಡಿ, ಇವರು ಪರವಾಗಿಲ್ಲ ಎಂದಳು. ನಮ್ಮ ಮನೆಯಲ್ಲಿ ಸಂತೋಷವನ್ನು ಅದಕ್ಕಿಂತ ಜೋರಾಗಿ ಹೇಳುವ ಪದ್ಧತಿಯಿಲ್ಲ. ಅವಳ ಜಾತಕದ ಜೆರಾಕ್ಸ್ ಪ್ರತಿಯನ್ನು ಗಂಡಿನವರ ಮಲ್ಲತ್ತಹಳ್ಳಿ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. ಶುಕ್ರವಾರ ವೆಬ್‌ಸೈಟಿನಲ್ಲಿ ಉತ್ತರವಿತ್ತು. ಜಾತಕ ಕೂಡಿದೆ, ಭಾನುವಾರ ಬರಬಹುದೇ? ಶನಿವಾರ ಸಂಜೆಯೊಳಗೆ ತಿಳಿಸದಿದ್ದರೆ ಇನ್ನೊಂದು ಕಡೆ ಹೆಣ್ಣು ನೋಡಲು ಹೋಗುವುದಿದೆ.

ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಅದು ಕಳೆದ ಮೇಲೆ ಉತ್ತರಿಸೋಣವೆಂದು ಕಾದೆ. ಸುಮ್ಮನೆ ಕೂರುವುದೇಕೆ ಎಂದು ಆ ಒಂದೂವರೆ ಗಂಟೆಯಲ್ಲಿ ಕಂಪ್ಯೂಟರಿಗೆ ಹೊಸ ಬ್ರೌಸರು ಹಾಕಿದೆ. ಬಹಳ ವೇಗವೆಂದು ಕಚೇರಿಯಲ್ಲಿ ಹೇಳಿದ್ದರು. ಹಳೆಯದನ್ನು ಕಸದ ಬುಟ್ಟಿಗೆ ಎಳೆದು, ಬುಟ್ಟಿಯನ್ನೂ ಖಾಲಿ ಮಾಡಿದೆ. ಮನೆ ಚೊಕ್ಕಟವಾಗಿರಬೇಕು.

ಹತ್ತು ಮೂವತ್ತೊಂದಕ್ಕೆ ವೆಬ್‌ಸೈಟು ತೆರೆದೆ. ಪಾಸ್‌ವರ್ಡ್ ಕೇಳಿತು. ಮೊದಲ ದಿನ ಬಿಟ್ಟರೆ ಅದು ಕೇಳಿದ್ದೇ ಇಲ್ಲ!

ಆಗ ತಿಳಿದ ಸತ್ಯ ಇದು. ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲೇ ಪಾಸ್‌ವರ್ಡುಗಳ ಒಂದು ಬೀಗದ ಕೈ ಗೊಂಚಲಿದೆ. ಹಳೆಯ ಬ್ರೌಸರು ಮನೆಮಗಳು. ಗೊಂಚಲಿಗೆ ಕೈಹಾಕಿ ಬೇಕಾದ್ದನ್ನು ತೆಗೆದುಕೊಳ್ಳುತ್ತಿದ್ದಳು. ಹೊಸದು ಈಗಷ್ಟೇ ಅಕ್ಕಿ ಸೇರು ಒದ್ದು ಒಳಗೆ ಬಂದ ಸೊಸೆ. ಗೊಂಚಲು ಇದೆಯೆಂಬುದೇ ಅವಳಿಗೆ ಗೊತ್ತಿಲ್ಲ. ಮನೆಮಗಳನ್ನು ನಾನು ಕಸದ ಜೊತೆ ಕಳಿಸಿಯಾಗಿತ್ತು.

ಮರೆತವರಿಗೆಂದು ವೆಬ್‌ಸೈಟು ಒಂದು ಗುಟ್ಟಿನ ಪ್ರಶ್ನೆ ಇಟ್ಟಿತ್ತು: ಮದುವೆಗೆ ಮುಂಚೆ ನಿಮ್ಮ ತಾಯಿಯ ಹೆಸರೇನು? ರಾಜಲಕ್ಷ್ಮಿ ಎಂದು ಹಾಕಿದೆ. ತಪ್ಪು. ನಡುಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮನನ್ನು ಕೇಳಿದೆ.

"ರಾಜಲಕ್ಷ್ಮಿ ಅನ್ನೋದು ಧಾರೆ ದಿನ ನಿಮ್ಮಪ್ಪ ಅಕ್ಕಿ ಮೇಲೆ ಉಂಗುರದಲ್ಲಿ ಬರೆದ ಹೆಸರು ಕಣೋ. ಅದಕ್ಕೆ ಮುಂಚೆ ನಾನು ಪುಟ್ಟತಾಯಿ."

ಪುಟ್ಟತಾಯಿಯೂ ತಪ್ಪು. ತಾತನ ಹೆಸರು ಹಾಕಿದೆ. ಮೂರು ಸಲ ತಪ್ಪಿದ್ದೀರಿ, ನಾಳೆ ಬನ್ನಿ ಎಂದಿತು.

ಉಳಿದದ್ದು ಒಂದೇ ದಾರಿ. ಗೊಂಚಲನ್ನೇ ನೇರವಾಗಿ ತೆರೆದು ಪಾಸ್‌ವರ್ಡನ್ನು ಕಣ್ಣಾರೆ ನೋಡುವುದು. ತೆರೆಯಬೇಕಾದರೆ ಕಂಪ್ಯೂಟರಿನ ಪಾಸ್‌ವರ್ಡ್ ಹೇಳು ಎಂದಿತು. ದಿನವೂ ಅದನ್ನು ಕೇಳದೆಯೇ ತೆರೆದುಕೊಳ್ಳುವ ಯಂತ್ರ, ಹಾಗಾಗಿ ಅದೂ ನೆನಪಿರಲಿಲ್ಲ. ಇಲ್ಲಿ ನಾನು ನಕ್ಕೆ. ಅದನ್ನು ಬರೆದಿಟ್ಟಿದ್ದೆನಲ್ಲ! ನಮ್ಮ ಮನೆಯಲ್ಲಿ ಎಂದೂ ಕಳೆಯದ ಕಾಗದದ ಹಿಂದೆ ಬರೆದು ಬೀರುವಿನಲ್ಲಿ ಇಟ್ಟಿದ್ದೆ.

ಸುಮಾಳ ಜಾತಕದ ಜೆರಾಕ್ಸಿನ ಹಿಂದೆ.

ಬೀರುವಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಅದೊಂದನ್ನು ಮಾತ್ರ ನಿಖರವಾಗಿ ಹೇಳಲಾರೆ.

ಒಂದು ಗಂಟೆಗೆ ಸುಮಾ ಕಾಲೇಜಿನಿಂದ ಬಂದಳು. "ಉತ್ತರ ಕಳಿಸಿದ್ಯಾ ಅಣ್ಣ?" ಎಂದಳು. ಕ್ರಮ ಕೈಗೊಳ್ಳಲಾಗುತ್ತಿದೆ ಎಂದೆ. ಅವಳು ಕಂಪ್ಯೂಟರನ್ನು ನೋಡಿದಳು, ನನ್ನ ಮುಖ ನೋಡಿದಳು, ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತಳು. ಬೈದಿದ್ದರೆ ವಾಸಿಯಿತ್ತು.

ಮೂರು ಗಂಟೆಗೆ ಹೆಂಡತಿ ಸರೋಜ ಅಡಿಗೆಮನೆಯಿಂದ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಮಲ್ಲತ್ತಹಳ್ಳಿ ಏನು ಸಮುದ್ರದಾಚೆ ಇದ್ಯಾ? ವಿಳಾಸ ಇದೆ, ಸ್ಕೂಟರ್ ಇದೆ. ಹೋಗಿ ಬಾಯಲ್ಲಿ ಹೇಳ್ಬಿಟ್ಟು ಬನ್ನಿ."

ಇಪ್ಪತ್ತೈದು ನಿಮಿಷದ ದಾರಿ. ಬೆಳಗಿನಿಂದ ನನಗೆ ಹೊಳೆದಿರಲಿಲ್ಲ.

ಬಾಗಿಲು ತೆರೆದದ್ದು ಹುಡುಗನ ತಾಯಿ. ಹೆಸರು ಹೇಳಿ, ನಾಳೆ ದಯವಿಟ್ಟು ಬನ್ನಿ ಎಂದೆ. ಅವರು ಒಳಗೆ ಕೂರಿಸಿ ಕಾಫಿ ಕೊಟ್ಟು, ನಮ್ಮ ಹುಡುಗ ಬೆಳಗಿನಿಂದ ಹತ್ತು ಸಲ ವೆಬ್‌ಸೈಟು ನೋಡಿದ ಎಂದರು. ಹತ್ತು ಸಲ! ಮನಸ್ಸು ಹಗುರವಾಯಿತು. ಒಂದು ಫೋನ್ ನಂಬರ್ ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದರು. ಭದ್ರತೆಯ ದೃಷ್ಟಿಯಿಂದ ಕೊಟ್ಟಿರಲಿಲ್ಲ ಎಂದೆ, ಗಂಭೀರವಾಗಿ.

ಅವರು ಎದ್ದು ಹೋಗಿ ಜಾತಕ ತಂದು, ಮಗುಚಿ ನನ್ನ ಮುಂದಿಟ್ಟರು. ನನ್ನದೇ ದುಂಡು ಅಕ್ಷರ. 'ಕಂಪ್ಯೂಟರ್ ಪಾಸ್‌ವರ್ಡ್' ಎಂಬ ತಲೆಬರಹ, ಕೆಳಗೆ ಪಾಸ್‌ವರ್ಡ್, ಅದರ ಕೆಳಗೆ ಎರಡು ಗೆರೆ ಎಳೆದು: 'ಯಾರಿಗೂ ತೋರಿಸಬಾರದು.'

"ನಾವು ಯಾರೂ ಓದಿಲ್ಲ ಬಿಡಿ. ಜೋಯಿಸರು ಮಾತ್ರ ಓದಿದ್ರು. ಹುಡುಗಿ ಗ್ರಹಗಳು ಚೆನ್ನಾಗಿವೆ, ಅವರಣ್ಣಂದು ಸ್ವಲ್ಪ ನೋಡ್ಕೋಬೇಕು ಅಂದ್ರು."

ಭಾನುವಾರ ಬಂದರು. ಸುಮಾ ಒಪ್ಪಿದಳು, ಫೋನ್ ನಂಬರನ್ನೂ ತಾನೇ ಕೊಟ್ಟಳು, ನನ್ನ ಎದುರಿಗೇ. ಕೇಸರಿಬಾತು ಮುಗಿದ ಮೇಲೆ ಹುಡುಗ ಪಾಪ, ಹಳೆಯ ಬ್ರೌಸರನ್ನು ವಾಪಸು ಹಾಕಿಕೊಡುತ್ತೇನೆಂದು ಕಂಪ್ಯೂಟರಿನ ಮುಂದೆ ಕೂತರು. ನಡುವೆ ಯಂತ್ರ ಪಾಸ್‌ವರ್ಡ್ ಕೇಳಿತು. ನಾನು ಜೇಬಿನಿಂದ ಜಾತಕ ತೆಗೆದು, ಕನ್ನಡಕ ಹಾಕಿಕೊಂಡು, ಮೊದಲ ಅಕ್ಷರ ಹೇಳಲು ಬಾಯಿ ತೆರೆದೆ.

ಅವರು ಆಗಲೇ ಟೈಪ್ ಮಾಡಿ ಮುಗಿಸಿದ್ದರು.