ಚನ್ನರಾಯನದುರ್ಗದಲ್ಲಿ ರೇನ್‌ಕೋಟು ಪತ್ತೇದಾರ

ನನ್ನ ಕಣ್ಣಿಗೆ ಮಣ್ಣೆರಚುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ! ಹೀಗೆಂದು ಕಳೆದ ಏಪ್ರಿಲ್‌ನಲ್ಲಿ ನಾನು ಘೋಷಿಸಿದೆ. ಘೋಷಿಸಿದ್ದು ಅಡುಗೆಮನೆಯ ಬಾಗಿಲಲ್ಲಿ, ಹೆಂಡತಿ ಲೋಹಿತಾಳ ಎದುರು. ಎರಡು ತಿಂಗಳಿಂದ ಮೊಬೈಲಿನಲ್ಲಿ ಹಳೇ ಕಪ್ಪು-ಬಿಳುಪು ಇಂಗ್ಲಿಷ್ ಕೊಲೆ ಸಿನಿಮಾಗಳನ್ನೇ ನೋಡುತ್ತಿದ್ದೆ. ಅವುಗಳಲ್ಲಿ ಪತ್ತೇದಾರನಾದವನು ಉದ್ದ ಕೋಟು ತೊಟ್ಟು, ಹ್ಯಾಟನ್ನು ಹುಬ್ಬಿನವರೆಗೆ ಎಳೆದು, ತುಟಿಯ ತುದಿಗೆ ಸಿಗರೇಟು ಸಿಕ್ಕಿಸಿ, ಗೋಡೆಯ ಮೇಲೆ ನೆರಳು ಬೀಳುವ ಹಾಗೆ ನಿಂತರೆ ಸಾಕು. ಎದುರಿನವನು ಗಡಗಡ ನಡುಗಿ ಸತ್ಯವನ್ನೆಲ್ಲ ಕಕ್ಕಿಬಿಡುತ್ತಾನೆ.

“ಮೊದ್ಲು ಹಾಲು ಯಾಕೆ ಒಡೀತು ಅಂತ ಪತ್ತೆ ಮಾಡಿ ಸಾಕು,” ಎಂದಳು ಲೋಹಿತಾ.

ಅದೇ ವಾರ ಮಾವ ನಾಗಲಿಂಗಯ್ಯನವರು ಕಿರಿಮಗಳು ಶರಣ್ಯಾಳೊಂದಿಗೆ ಹುಲಿಕುಂಟೆಯಿಂದ ಮಧುಗಿರಿಯ ನಮ್ಮ ಮನೆಗೆ ಬಂದರು. ಚನ್ನರಾಯನದುರ್ಗದ ದನದ ಡಾಕ್ಟರು ಅಂಜನ್ ಕುಮಾರ್ ಶರಣ್ಯಾಳನ್ನು ನೋಡಿಕೊಂಡು ಹೋಗಿದ್ದ. ಅವನಿಗೂ ಇವಳಿಗೂ ಒಪ್ಪಿಗೆಯಾಗಿತ್ತು. ಅವನ ತಂದೆಯ ಮಾತೊಂದೇ ಬಾಕಿ. ಅಷ್ಟರೊಳಗೆ ಹುಡುಗನ ನಡತೆ ಹೇಗೆ, ಕುಡಿತ ಗಿಡಿತ ಇದೆಯೇ ಎಂದು ಗುಟ್ಟಾಗಿ ವಿಚಾರಿಸಿಕೊಂಡು ಬರಬೇಕಿತ್ತು.

“ಅಳಿಯಂದ್ರೇ, ನೀವೇ ವಸಿ ಹೋಗ್ಬನ್ನಿ. ಯಾರಿಗೂ ಗೊತ್ತಾಗ್ಬಾರ್ದು ನೋಡಿ,” ಎಂದರು ಮಾವ.

ಶರಣ್ಯಾ ನನ್ನನ್ನು ಪಕ್ಕಕ್ಕೆ ಕರೆದಳು. “ಭಾವ, ಆಗ್ಲೇ ಎರಡು ಸಂಬಂಧ ತಪ್ಪೋಗಿದೆ. ಈ ಹುಡುಗ ನಂಗೆ ನಿಜವಾಗ್ಲೂ ಇಷ್ಟ. ದಮ್ಮಯ್ಯ, ಕೆಡಿಸ್ಬುಟ್ಟೀರ!”

ಕೆಡಿಸುವುದೇ? ನಾನೇ? ಹೈಸ್ಕೂಲು ಗುಮಾಸ್ತನಾದ ನಾನು ಶಾಲೆಯ ನಾಟಕದ ಪೆಟ್ಟಿಗೆಯಿಂದ ಹ್ಯಾಟು ತಂದೆ. ಮೊಣಕಾಲು ಮುಚ್ಚುವ ಕೋಟು ಮನೆಯಲ್ಲಿ ಒಂದೇ ಇತ್ತು, ನನ್ನ ಕಪ್ಪು ರೇನ್‌ಕೋಟು. ಜನ್ಮದಲ್ಲಿ ಸೇದಿದವನಲ್ಲ, ಆದರೂ ಒಂದು ಸಿಗರೇಟು ಕೊಂಡು ತುಟಿಗೆ ಸಿಕ್ಕಿಸಿದೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುವುದನ್ನು ಮರೆತು, “ಎಲ್ ಸಾರ್ ಮಳೆ?” ಎಂದು ಆಸೆಯಿಂದ ಆಕಾಶ ನೋಡಿದ.

ಇಳಿದಾಗ ನಡುಮಧ್ಯಾಹ್ನ. ಬೀಳಿಸೋಣವೆಂದರೆ ನೆರಳು ನನ್ನ ಕಾಲಡಿಯಲ್ಲೇ ಮುದುರಿಕೊಂಡಿತ್ತು! ಟೀ ಅಂಗಡಿಯ ಬೆಂಚಿನಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಒಬ್ಬರೇ ಕೂತಿದ್ದರು. ನಾನು ಪಕ್ಕದಲ್ಲಿ ಕುಳಿತು, ಮುಖ ನೋಡದೆ, ಗೊಗ್ಗರು ದನಿಯಲ್ಲಿ ಕೇಳಿದೆ:

“ಅಂಜನ್ ಕುಮಾರ್. ಗೊತ್ತಾ?”

“ಗೊತ್ತಿಲ್ದೆ ಏನು? ಯಾಕಪ್ಪ?”

“ಪ್ರಶ್ನೆ ಕೇಳೋನು ನಾನು! ಮೊನ್ನೆ ಭಾನುವಾರ ಸಾಯಂಕಾಲ ಅವನು ಎಲ್ಲಿದ್ದ?”

“ಎಮ್ಮೆ ಹೆರಿಗೆ ಮಾಡುಸ್ತಿದ್ದ.”

“ಸಾಕ್ಷಿ?”

“ಎಮ್ಮೆ,” ಎಂದರು ಹಿರಿಯರು.

ಅಷ್ಟರಲ್ಲಿ ಟೀ ಅಂಗಡಿಯವನು ಮರ್ಯಾದೆಗೆಂದು ಕಡ್ಡಿ ಗೀರಿ ನನ್ನ ಸಿಗರೇಟಿಗೆ ಬೆಂಕಿ ಹಿಡಿದ. ಒಂದೇ ಒಂದು ದಮ್ಮು! ಕೆಮ್ಮಿದ ರಭಸಕ್ಕೆ ಹ್ಯಾಟು ಹಾರಿ ಬೋಂಡದ ತಟ್ಟೆಗೆ ಬಿತ್ತು. ಹಿರಿಯರು ಬೆನ್ನು ನೀವಿ, ರೇನ್‌ಕೋಟು ಬಿಚ್ಚಿಸಿ, ಮಜ್ಜಿಗೆ ತರಿಸಿದರು.

“ಬೆಂದೋಗಿದ್ದೀಯಲ್ಲಪ್ಪ. ಯಾವೂರು? ಉಂಡ್ಯಾ? ಯಾರ ಪೈಕಿ?”

ಸಿನಿಮಾದ ಪತ್ತೇದಾರನಿಗೆ ಪಿಸ್ತೂಲು ತೋರಿಸಿ ಬಾಯಿ ಬಿಡಿಸಲು ನೋಡುತ್ತಾರೆ. ‘ಉಂಡ್ಯಾ’ ಎಂದು ಯಾರೂ ಕೇಳುವುದಿಲ್ಲ. ಆ ಅಕ್ಕರೆಗೆ ನಾನು ಮಂಜಿನಂತೆ ಕರಗಿದೆ! ಮಧುಗಿರಿ ಎಂದೆ. ಹುಲಿಕುಂಟೆ ನಾಗಲಿಂಗಯ್ಯನವರ ದೊಡ್ಡಳಿಯ ಎಂದೆ. ಎರಡನೇ ಲೋಟ ಮಜ್ಜಿಗೆಗೆ, ಮಾವನ ಹೊಸ ಮೊಪೆಡ್ಡನ್ನು ಕೆರೆಗೆ ಇಳಿಸಿದ ಕಥೆ ಹೇಳಿದೆ. ಮೂರನೆಯದಕ್ಕೆ, ಅವರ ಗೃಹಪ್ರವೇಶದ ದಿನ ನಾನು ಹೊಸ ನಲ್ಲಿ ಕಿತ್ತು ಪಾಯಸದ ಕೊಳಗಕ್ಕೆ ನೀರು ನುಗ್ಗಿಸಿದ್ದನ್ನೂ ಒಪ್ಪಿಕೊಂಡೆ.

“ಮಾವ ಏನೂ ಅನ್ಲಿಲ್ವಾ?”

“ಹನ್ನೊಂದು ವರ್ಷದಲ್ಲಿ ಒಂದು ಮಾತೂ ಅಂದಿಲ್ಲ,” ಎಂದು ಲೋಟ ಬರಿದು ಮಾಡಿದೆ.

ಅಷ್ಟು ಹೊತ್ತಿಗೆ ಬೈಕೊಂದು ಬಂದು ನಿಂತಿತು. “ಅಪ್ಪಾ, ಊಟಕ್ಕೆ ನಡಿ,” ಎಂದ ಸವಾರನನ್ನು ನೋಡಿದೆ. ಶರಣ್ಯಾ ತೋರಿಸಿದ್ದ ಫೋಟೋದಲ್ಲಿ ಕಂಡ ಅದೇ ಮೂಗು! ಅಂದರೆ ನನ್ನ ಪಕ್ಕದಲ್ಲಿದ್ದವರು ಹುಡುಗನ ತಂದೆ ಚನ್ನಮಲ್ಲಯ್ಯನವರು! ಹ್ಯಾಟನ್ನೂ ಬೋಂಡವನ್ನೂ ಅಲ್ಲೇ ಬಿಟ್ಟು ಸಿಕ್ಕಿದ ಆಟೋ ಹತ್ತಿದೆ.

ಮನೆಯಲ್ಲಿ ನಡೆದದ್ದು ಹೇಳುತ್ತಿದ್ದಂತೆ ಶರಣ್ಯಾ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಬಿಕ್ಕುವುದು ಕೇಳಿಸಿತು. ಆ ಹುಡುಗಿ ದಮ್ಮಯ್ಯ ಎಂದು ಕೇಳಿಕೊಂಡಿದ್ದಳಲ್ಲ!

“ಸಮಾಧಾನ ಆಯ್ತಾ?” ಎಂದಳು ಲೋಹಿತಾ.

ಸಂಜೆ ಮಾವನ ಫೋನು ಹೊಡೆದುಕೊಂಡಿತು. ಚನ್ನಮಲ್ಲಯ್ಯನವರು! ಮಾವ ಸ್ಪೀಕರ್ ಒತ್ತಿದರು. ಕೋಣೆಯ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.

“ನಾಗಲಿಂಗಯ್ಯನೋರೇ, ನಿಮ್ಮ ಅಳಿಯಂದ್ರು ಬಂದಿದ್ರು.”

“ತಪ್ಪಾಯ್ತು, ಹೊಟ್ಟೇಗೆ ಹಾಕ್ಕಳಿ,” ಎಂದರು ಮಾವ.

“ಏ, ಅದ್ಯಾಕಂಗಂತೀರ? ನಾವೂ ನಿಮ್ಮ ಕಡೆ ಹೆಂಗೆ ಏನು ಅಂತ ಯಾರ್ನಾದ್ರೂ ವಿಚಾರ್ಸಾನ ಅಂತಿದ್ವಿ. ಇನ್ಯಾರ್ನೂ ಕೇಳಾಂಗಿಲ್ಲ, ಸಂಬಂಧ ನಮಗೆ ಒಪ್ಗೆ. ಇಂಥ ಅಳಿಯನ್ನೇ ಹನ್ನೊಂದು ವರ್ಷದಿಂದ ಸಾಕ್ಕಂಡು ಬಂದಿದ್ದೀರ ಅಂದ್ಮೇಲೆ, ನಮ್ಮ ಹುಡುಗ ನಿಮ್ಮನೇಲಿ ರಾಜನಂಗಿರ್ತಾನೆ!”