ರಾಜಿಗೆ ಹೊರಟ ಬೀಗದವನು

ಪಾದ್ರಿಗಳು ವರ್ಷ ವರ್ಷವೂ ಹೇಳುವ ಮಾತನ್ನೇ ಆ ಭಾನುವಾರವೂ ಹೇಳಿದರು. ಒಡಹುಟ್ಟಿದವರ ಜತೆ ಮನಸ್ತಾಪ ಇಟ್ಟುಕೊಂಡು ದೇವರ ಮುಂದೆ ಬರಬೇಡಿ, ಮೊದಲು ಹೋಗಿ ರಾಜಿಯಾಗಿ ಬನ್ನಿ ಎಂದರು. ಎಲ್ಲರೂ ವರ್ಷ ವರ್ಷದಂತೆ ತಲೆಯಾಡಿಸಿದರು. ಬೀಗ ರಿಪೇರಿಯವನು ಮಾತ್ರ ಎದ್ದು, ಬೆಂಚಿನಲ್ಲಿದ್ದವರ ಕಾಲು ತುಳಿದುಕೊಂಡು ಬಾಗಿಲ ಕಡೆ ಹೊರಟ.

ಹಾಗೆ ನಿಜವಾಗಿ ಎದ್ದು ಹೋಗುವವರನ್ನು ಪಾದ್ರಿಗಳು ಕಂಡೇ ಇರಲಿಲ್ಲ. "ಆರಾಧನೆ ಮುಗಿದ ಮೇಲೆ ಹೋದರೂ ನಡೆಯುತ್ತಪ್ಪಾ" ಎಂದರು.

"ಮೊದಲು ಅಂದ್ರಲ್ಲ ಸ್ವಾಮಿ?" ಅಂದ ಇವನು.

ಹಿಂದೆಯೇ ದರ್ಜಿ ಓಡಿ ಬಂದ. ಬೇರೆಯವರ ಮನೆ ಜಗಳ ಅಂದರೆ ಈ ದರ್ಜಿಗೆ ಊಟ ಬೇಡ, ನಿದ್ದೆ ಬೇಡ. ಸಾಲದ್ದಕ್ಕೆ ಬೀಗದವನ ಪಕ್ಕದ ಅಂಗಡಿಯವನು.

"ಹೋಗಿ ಏನಂತ ಹೇಳ್ತೀಯಾ?"

"ತಪ್ಪಾಯ್ತು ಅಂತ. ಅಮ್ಮನ ಮಣ್ಣಿಗೆ ನಾನು ಹೋಗಲಿಲ್ಲ. ಅಣ್ಣ ಏನೋ ಒಂದು ಮಾತು ಅಂದಿದ್ದ, ಅದನ್ನೇ ಹಿಡ್ಕೊಂಡು ಅಂಗಡೀಲಿ ಕೂತಿದ್ದೆ. ಶವದ ಪೆಟ್ಟಿಗೆಗೆ ನಾನು ಕೊಡಬೇಕಾದ ಹೆಗಲನ್ನ ಹಾಲಿನವನು ಕೊಟ್ಟ."

ಇಷ್ಟು ವರ್ಷ ಎದೆಯೊಳಗೇ ಇಟ್ಟುಕೊಂಡು ಕೊರಗಿದ್ದ, ಪಾಪ. ಅಣ್ಣ ಬದುಕಿರುವಾಗಲೇ ಒಂದು ಸಲ 'ಹೋಗಲಿ ಬಿಡೋ' ಅಂದರೆ ಅವನಿಗೆ ಸಾಕಿತ್ತು.

"ನೀನು ಸುಮ್ನಿರು, ಮಾತು ನಾನು ಶುರು ಮಾಡ್ತೀನಿ" ಅಂದ ದರ್ಜಿ. "ನಿನ್ನ ಹೆಸರು ಕೇಳಿ ಒಳಗೇ ಬಿಡದೆ ಹೋದರೆ?"

ಅಣ್ಣನ ಮನೆಯ ಬಾಗಿಲು ತೆಗೆದ ಅತ್ತಿಗೆ ಮೈದುನನನ್ನು ನೋಡಿ ಕಲ್ಲಾದಳು. ಒಳಗಿನಿಂದ "ಯಾರೇ ಅದು?" ಎಂದು ಅಣ್ಣನ ದನಿ ಬಂತು. ಅವಳು ಬಾಯಿ ತೆರೆಯುವ ಮೊದಲೇ ದರ್ಜಿ "ಬೀಗ ರಿಪೇರಿಯವರು" ಎಂದು ಕೂಗಿದ.

ಅಣ್ಣ ಸೊರಗಿ ಅರ್ಧವಾಗಿದ್ದ. ತಮ್ಮನ ಮುಖವನ್ನು ನೆಟ್ಟಗೆ ನೋಡಿದ. ಕೋಪವಿಲ್ಲ, ಏನೂ ಇಲ್ಲ. "ಒಳ್ಳೇ ಹೊತ್ತಿಗೆ ಬಂದ್ರಿ. ಇವಳಿಗೆ ಹೇಳೀ ಹೇಳೀ ಸಾಕಾಯ್ತು. ಬಾಗಿಲಿಗೆ ಒಂದು ಗಟ್ಟಿ ಬೀಗ ಬೇಕು."

ಅಣ್ಣನ ಬಾಯಲ್ಲಿ ಬಹುವಚನ ಕೇಳಿ ತಮ್ಮ ಅತ್ತಿಗೆಯ ಕಡೆ ತಿರುಗಿದ. ಅತ್ತಿಗೆ ಕಿವಿಯ ಹತ್ತಿರ ಬಂದು, "ಈಚೆಗೆ ಯಾರ ಗುರುತೂ ಹತ್ತಲ್ಲಪ್ಪಾ. ಒಂದೊಂದು ದಿನ ನನ್ನದೂ" ಎಂದಳು.

"ಬೀಗ ಯಾಕೆ?" ಎಂದು ತಮ್ಮ ಹೇಗೋ ಕೇಳಿದ.

"ನನ್ನ ತಮ್ಮ ಬರ್ತಾನೆ."

"ಬಂದರೆ ಬೈತೀರಾ?"

"ಬೈಯೋದೆಲ್ಲಿ ಬಂತು? ಎತ್ತಿ ಆಡಿಸಿದ ಕೂಸು. ಮುಖ ಕಂಡರೆ ಕರಗಿಹೋಗಿ ಕ್ಷಮಿಸಿಬಿಡ್ತೀನಿ. ಆಮೇಲೆ ಅಮ್ಮನಿಗೆ ಏನು ಜವಾಬು ಹೇಳಲಿ? ಅದಕ್ಕೇ ಬೀಗ."

ಬೀಗದವನು ಕುರ್ಚಿಯ ಮುಂದೆ ಕುಸಿದು ಕೂತ. "ಅಣ್ಣಾ, ನಾನೇ ಕಣೋ. ತಪ್ಪಾಯ್ತು."

ಅಣ್ಣ ಗಹಗಹಿಸಿ ನಕ್ಕ. "ತಮಾಷೆ ಮನುಷ್ಯರು ನೀವು. ನಮ್ಮ ಹುಡುಗನಿಗೆ ತಲೆ ತುಂಬ ಕೂದಲು ರೀ."

ದರ್ಜಿ ಗೆಳೆಯನ ಬೋಳುತಲೆಯನ್ನು ನೋಡಿ, ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡ.

ಅಣ್ಣ ಕೇಳಿದ್ದನ್ನು ಇಲ್ಲ ಅನ್ನಲು ಅವನಿಂದಾಗಲಿಲ್ಲ. ಅಂಗಡಿಗೆ ಹೋಗಿ ಇದ್ದುದರಲ್ಲೇ ಗಟ್ಟಿಯಾದ ಬೀಗ ತಂದ. ಕೂರಿಸುವಾಗ ಕಣ್ಣು ಮಂಜಾಗಿ ತಿರುಪು ಮತ್ತೆ ಮತ್ತೆ ಕೆಳಗೆ ಬೀಳುತ್ತಿತ್ತು. ಅಣ್ಣ ಪಕ್ಕದಲ್ಲೇ ನಿಂತು ಹೆಕ್ಕಿ ಕೊಟ್ಟ. ಕೆಲಸ ಮುಗಿದ ಮೇಲೆ ಬಾಗಿಲು ಎಳೆದು ನೋಡಿ ಖುಷಿಪಟ್ಟ. ಎರಡು ಕೀಲಿಯಲ್ಲಿ ಒಂದನ್ನು ಇವನ ಅಂಗೈಯಲ್ಲಿಟ್ಟು, ತಾನೇ ಬೆರಳು ಮಡಚಿದ.

"ನನಗೆ ಮರೆವು. ಇದು ನಿಮ್ಮ ಹತ್ತಿರ ಇರಲಿ. ನಿಮ್ಮನ್ನ ನೋಡಿದರೆ ಯಾಕೋ ನಮ್ಮ ಮನೆಯವರ ಥರ ಅನ್ನಿಸುತ್ತೆ. ಆದರೆ ನನ್ನ ತಮ್ಮನ ಕೈಗೆ ಮಾತ್ರ ಕೊಡಬಾರದು. ಮಾತು ಕೊಡಿ."

"ಅವನ ಕೈಗೆ ಕೊಡಲ್ಲ" ಅಂದ ಬೀಗದವನು.

ಹೊಸ್ತಿಲು ದಾಟಿದವನು ತಿರುಗಿ, ಕೀಲಿಯನ್ನು ಅತ್ತಿಗೆಯ ಕೈಗೆ ಹಾಕಿದ.

"ಇಟ್ಕೊಳ್ಳಪ್ಪಾ, ಬಂದು ಹೋಗಿ ಮಾಡು. ಅವರಿಗೆಲ್ಲಿ ನೆನಪಿರುತ್ತೆ?" ಅಂದಳು ಅವಳು.

"ನನಗೆ ಇರುತ್ತಲ್ಲ ಅತ್ತಿಗೆ. ದೇವರಿಗೂ."

ಅಣ್ಣ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದ. ಕೀಲಿ ತಿರುಗಿತು. ಬೀಗ ಸಲೀಸಾಗಿ ಬಿತ್ತು.