ಹಲ್ಲಿನ ಕಾರ್ಡಿನಲ್ಲಿ ನನ್ನ ಷರಾ

ಡಾಕ್ಟರನ್ನು ಬದಲಾಯಿಸುವಾಗ ಜನ ಹಲ್ಲನ್ನಷ್ಟೇ ತೆಗೆದುಕೊಂಡು ಹೋಗುತ್ತಾರೆ, ಕಾರ್ಡು ಮರೆಯುತ್ತಾರೆ. ಆಮೇಲಿನ ಫಜೀತಿಯೆಲ್ಲ ನಡೆಯುವುದು ನನ್ನ ಮೇಜಿನ ಮುಂದೆ. ಸಿದ್ದಾಪುರದ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ವರ್ಷ ಪೇಶೆಂಟುಗಳ ಕಾರ್ಡು ಬರೆದವಳು ನಾನು. ನಮ್ಮ ಡಾಕ್ಟರು ವಯಸ್ಸಾಯಿತೆಂದು ಬಾಗಿಲು ಹಾಕಲು ಹೊರಟಾಗ ಎಲ್ಲರನ್ನೂ ಶಿರಸಿಯ ಒಬ್ಬ ಹೊಸ ಡಾಕ್ಟರಿಗೆ ಒಪ್ಪಿಸಿದರು. ನನ್ನನ್ನೂ ಕೆಲಸಕ್ಕೆ ಸೇರಿಸಿಕೊಳ್ಳುವಂತೆ ಅವರನ್ನು ಕೇಳಿದರು. "ನನ್ನಲ್ಲಿ ಕಂಪ್ಯೂಟರ್ ಇದೆ. ಅವರ ಕಾರ್ಡು ಉಪಯೋಗಕ್ಕೆ ಬಂದರೆ ನೋಡೋಣ" ಎಂದರಂತೆ ಹೊಸಬರು. ಅಂದರೆ ನನ್ನ ಕೆಲಸ ಉಳಿಯುವುದು ನನ್ನ ಕಾರ್ಡಿನ ಮೇಲೆ. ಭಯಕ್ಕಿಂತ ನನಗೆ ಸಿಟ್ಟೇ ಬಂತು. ನನ್ನ ಕಾರ್ಡಿಗೆ ಪರೀಕ್ಷೆಯೇ?

೧. ಹನ್ನೊಂದು ಮಂದಿ

ಶಿರಸಿಯಿಂದ ಮೊದಲ ಫೋನು ಬಂತು. ಅಲ್ಲಿಯ ರಿಸೆಪ್ಶನಿಸ್ಟ್ ಹಾವೇರಿ ಕಡೆಯವಳು. ಒಂದು ಹೆಸರು ಹೇಳಿ ಕಾರ್ಡು ಕಳಿಸಿ ಎಂದಳು.

"ಯಾವ ಮನೆಯವರು?" ಎಂದೆ.

"ಮನಿ ಯಾಕ್ರಿ? ಹೆಸರು ಹೇಳೇನಲ್ರಿ."

"ಆ ಹೆಸರಿನವರು ಹನ್ನೊಂದು ಮಂದಿ ಇದ್ದಾರೆ. ಅಡ್ಡಹೆಸರೂ ಒಂದೇ."

ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಅದಕ್ಕೇ ನಾನು ಕಾರ್ಡು ಜೋಡಿಸುವುದು ಊರು, ಮನೆ ನೋಡಿ.

"ವಯಸ್ಸು ಅರವತ್ತರಿ."

"ನಾಲ್ವರು ಉಳಿದರು."

ಅವಳು ಎದುರಿದ್ದ ಪೇಶೆಂಟನ್ನೇ ದಿಟ್ಟಿಸಿ ನೋಡಿರಬೇಕು. "ಎಲಿ ಅಡಿಕಿ ಹಾಕ್ತಾರ್ರಿ, ಬಾಯಿ ಕೆಂಪಗದ."

"ಈಗಲೂ ಅದೇ ನಾಲ್ವರು, ತಂಗಿ! ಕವಳ ಹಾಕದವರು ಸಿಕ್ಕಿದರೆ ಒಂದು ಫೋಟೋ ಕಳಿಸು, ನಾನೂ ನೋಡಬೇಕು."

೨. ಯಲ್ಲಾಪುರದ ಮದುವೆ

ಕಾರ್ಡು ಕೊಡುವ ಮೊದಲು ಬಾಯಿ ನೋಡಿ ತಾಳೆ ಹಾಕುವುದು ನಮ್ಮ ಡಾಕ್ಟರ ಕ್ರಮ. ಇಪ್ಪತ್ತು ವರ್ಷದ ಹಳೆಯ ಗಿರಾಕಿಯೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದೇ, "ಕಾರ್ಡು ಕೊಟ್ರೆ ಸಾಕು" ಎಂದರು. ಡಾಕ್ಟರು ಬಿಡಲಿಲ್ಲ. ನೋಡಿದರೆ, ನನ್ನ ಕಾರ್ಡಿನಲ್ಲಿ ಇಲ್ಲದ ಕ್ಯಾಪೊಂದು ದವಡೆಹಲ್ಲಿನ ಮೇಲೆ ಮಿಣಮಿಣ ಅನ್ನುತ್ತಿದೆ.

"ಇದು ಯಾರು ಹಾಕಿದ್ದು?" ಎಂದರು ಡಾಕ್ಟರು.

"ಯಲ್ಲಾಪುರಕ್ಕೆ ಮದುವೆಗೆ ಹೋಗಿದ್ದೆ..."

"ಮದುವೆಯಲ್ಲಿ ಕ್ಯಾಪು ಹಂಚಿದರಾ?"

"ಹಾಂಗಲ್ಲ ಡಾಕ್ಟ್ರೇ, ಊಟಕ್ಕೆ ಇನ್ನೂ ಹೊತ್ತಿತ್ತು. ಸುಮ್ನೆ ಕೂರೂದು ಎಂತಕ್ಕೆ ಹೇಳಿ..."

ನನಗೆ ತಡೆಯಲಾಗಲಿಲ್ಲ. "ಕ್ಯಾಪಿಗೆ ಎರಡು ಸಲ ಹೋಗಬೇಕಲ್ಲ?"

"ಮರುವಾರ ಅಲ್ಲೇ ಇನ್ನೊಂದು ಮದುವೆ ಇತ್ತು ಮಾರಾಯ್ತಿ!"

೩. ಅಪ್ಪೆಹುಳಿ

ಕೊನೆಗೆ ಉಳಿದ ಕಾರ್ಡುಗಳನ್ನು ಅಕ್ಕಿಚೀಲದಲ್ಲಿ ತುಂಬಿಕೊಂಡು ಶಿರಸಿ ಬಸ್ಸು ಹತ್ತಿದೆ. ಹೊಸ ಡಾಕ್ಟರು ಮೂವತ್ತು ದಾಟಿದ ತರುಣ. ಒಂದೆರಡು ಕಾರ್ಡು ತಿರುವಿ ಮುಖ ಸಿಂಡರಿಸಿದರು. "ಈ ಷರಾ ಎಲ್ಲ ಎಂತಕ್ಕೆ? ಹಲ್ಲಿನ ವಿಷಯ ಮಾತ್ರ ಸಾಕು."

ಅಷ್ಟರಲ್ಲಿ ಒಳಗಿನ ಕುರ್ಚಿಯಿಂದ ನಮ್ಮ ಹಳೆಯ ಪೇಶೆಂಟು ಅಜ್ಜಿಯೊಬ್ಬರ ಕೂಗು. "ಸೂಜಿ ಆದ್ರೆ ಆನು ಬಾಯಿ ತೆಗೀತ್ನಿಲ್ಲೆ!"

ಡಾಕ್ಟರು ಅರ್ಧ ಗಂಟೆ ಬೇಡಿಕೊಂಡರು. ಅಜ್ಜಿ ತುಟಿ ಬಿಚ್ಚಲಿಲ್ಲ. ನಾನು ಚೀಲದಿಂದ ಅವರ ಕಾರ್ಡು ತೆಗೆದು ಡಾಕ್ಟರ ಕೈಗಿತ್ತೆ. ಅದರಲ್ಲಿ ನನ್ನ ಷರಾ: "ಸೂಜಿ ತೋರಿಸಬಾರದು. ಅಪ್ಪೆಹುಳಿಗೆ ಈರುಳ್ಳಿ ಹಾಕುವುದಾ ಎಂದು ಕೇಳಬೇಕು."

ಡಾಕ್ಟರು ಬೇರೆ ದಾರಿಯಿಲ್ಲದೆ ಕೇಳಿದರು. ಮಾವಿನಕಾಯಿ, ಇಂಗಿನ ತಿಳಿಸಾರಾದ ಅಪ್ಪೆಹುಳಿಯ ಹೊರತು ಬೇರೆ ಕಂಡರಿಯದ ಅಜ್ಜಿ, "ಈರುಳ್ಳಿಯಾ!" ಎಂದು ತೆರೆದ ಬಾಯಿ ಮುಚ್ಚುವುದರೊಳಗೆ ಸೂಜಿ ಹೋಗಿ ಬಂದಿತ್ತು.

೪. ಅಜ್ಜನಮನೆಯ ಕಾರ್ಡು

ಡಾಕ್ಟರ ವರಸೆ ಬದಲಾಯಿತು. "ಷರಾ ಒಂದಕ್ಷರ ಬಿಡದೆ ಕಂಪ್ಯೂಟರಿಗೆ ಹಾಕಿ" ಎಂದು ಅಪ್ಪಣೆ. ರಿಸೆಪ್ಶನಿಸ್ಟ್ ಕೂತಲ್ಲೇ ಗಟ್ಟಿಯಾಗಿ ಓದುತ್ತ ಟೈಪು ಮಾಡತೊಡಗಿದಳು. ಬೆಂಚಿನ ತುಂಬ ಜನ.

"ವಯಸ್ಸು ಏಳು. ಷರಾ: ಕಚ್ಚುತ್ತಾನೆ. ಡಾಕ್ಟರ ಹೆಬ್ಬೆರಳಿಗೆ ಮೂರು ಹೊಲಿಗೆ. ಮುಂದಿನ ಸಲ ಇಬ್ಬರು ಹಿಡಿಯಬೇಕು."

ಬೆಂಚು ಘೊಳ್ಳೆಂದು ನಕ್ಕಿತು. ಅವಳು ಹೆಸರು ನೋಡಿದಳು, ಗೋಡೆಯ ಮೇಲಿನ ಡಾಕ್ಟರ ಹೆಸರಿನ ಬೋರ್ಡು ನೋಡಿದಳು, ಕಾರ್ಡನ್ನು ಮಗುಚಿ ಹಾಕಿದಳು. ಒಳಗಿಂದ ಡಾಕ್ಟರು ಓಡಿ ಬಂದರು. ಸಿದ್ದಾಪುರದ ಅಜ್ಜನಮನೆಯಲ್ಲಿ ಬೆಳೆದವರಂತೆ! ಕಾರ್ಡು ಆ ಮನೆಯ ಕಟ್ಟಿನಲ್ಲಿದ್ದುದರಿಂದ ನನಗೂ ಹೊಳೆದಿರಲಿಲ್ಲ.

"ಮೇಡಂ," ಎಂದರು ಮೆಲ್ಲಗೆ, "ಕಾರ್ಡು ಇಷ್ಟು ಸರಿ ಇಟ್ಟವರು ಬೇರೆಲ್ಲೂ ಹೋಗಬಾರದು. ನಾಳೆಯಿಂದಲೇ ಬನ್ನಿ. ಇದೊಂದು ಮಾತ್ರ ಕಂಪ್ಯೂಟರಿಗೆ ಬೇಡ."

ಹಾಕಲಿಲ್ಲ. ಹಾಗಂತ ದಾಖಲೆ ಅರ್ಧಕ್ಕೆ ಬಿಡುವವಳಲ್ಲ ನಾನು. ಒಂದು ತಿಂಗಳು ಅವರ ಜೊತೆ ಕೆಲಸ ಮಾಡಿ, ಖಾತ್ರಿಯಾದ ಮೇಲೆ ಹಳೆಯ ಷರಾದ ಕೆಳಗೆ ಬರೆದು ಸಹಿ ಹಾಕಿದೆ: "ಈಗ ಕಚ್ಚುವುದಿಲ್ಲ."